ನಾಯಿಯ ಬಟ್ಟಲಿಗೆ ಬೇದಾಣೆ ಬೇಡ

ಹೊಲ ಕಾಯುವ ನಾಯಿಗೆ ಲೆಕ್ಕವಿಟ್ಟು ಉಣಿಸುವ ರೂಢಿ ನಮ್ಮಲ್ಲಿಲ್ಲ. ಉಳಿದ ರೊಟ್ಟಿ, ಮಿಕ್ಕ ಸಾರು, ಹುಳಿತ ಮಜ್ಜಿಗೆ, ಕೈಗೆ ಬಂದದ್ದು ಅದರ ಪಾಲು. ನಾಯಿಯ ಹೊಟ್ಟೆಗೆ ಏನು ಹಾಕಿದರೂ ಅರಗುತ್ತದೆ ಎಂಬ ಮಾತನ್ನು ನಾನೂ ನಂಬಿದ್ದೆ. ಆ ಮಾತು ಸುಳ್ಳೆಂದು ಕಲಿಯಲು ನಾನು ತೆತ್ತ ಬೆಲೆಯನ್ನು ನಮ್ಮ ರೈತ ಬಂಧುಗಳು ತೆರಬಾರದೆಂದು ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಮ್ಮ ಜತ್ತ ಸೀಮೆಯಲ್ಲಿ ಫೆಬ್ರುವರಿಯಿಂದ ಎಪ್ರಿಲ್‌ವರೆಗೆ ಒಣದ್ರಾಕ್ಷಿಯ, ಅಂದರೆ ಬೇದಾಣೆಯ ಸುಗ್ಗಿ. ಶೆಡ್ಡಿನ ಬಲೆಯಿಂದ ಉದುರಿ ಮಣ್ಣು ಹತ್ತಿದ ಕಾಳು ಪೇಟೆಗೆ ಹೋಗುವುದಿಲ್ಲ. ಹೋದ ವರ್ಷ ಅಂಥ ಎರಡು ಬೊಗಸೆ ಕಾಳನ್ನು ತೊಳೆದು, ಹಾಲಿನಲ್ಲಿ ನೆನೆಸಿ, ನಮ್ಮ ಕರಿಯಾನ ಬಟ್ಟಲಿಗೆ ಹಾಕಿದೆ. ರಾತ್ರಿಯಿಡೀ ತೋಟ ಕಾಯುವ ಪ್ರಾಣಿ, ತುಸು ಶಕ್ತಿ ಬರಲಿ ಎಂಬ ಅಕ್ಕರೆ ನನ್ನದು. ಅಂದು ರಾತ್ರಿಯೇ ಅದು ವಾಂತಿ ಮಾಡಿತು. ಮರುದಿನ ರೊಟ್ಟಿ ಮೂಸಲಿಲ್ಲ. ಮೂರನೆಯ ದಿನ ಮೂತ್ರ ನಿಂತಿತು. ಆಗ ದವಾಖಾನೆಗೆ ಒಯ್ದೆ. ಮೂತ್ರಪಿಂಡ ಕೆಟ್ಟಿದೆ, ಮೊದಲ ದಿನವೇ ತರಬೇಕಾಗಿತ್ತು ಎಂದರು ವೈದ್ಯರು. ನಾಲ್ಕನೆಯ ದಿನ ಕರಿಯಾ ಉಳಿಯಲಿಲ್ಲ.

ಶಾಲೆಯಲ್ಲಿ ಒಬ್ಬ ಹುಡುಗ ಕೇಳಿದ: "ಗುರುಗಳೇ, ನಾವು ದಿನಾ ತಿನ್ನುವ ಹಣ್ಣು ನಾಯಿಗೆ ವಿಷ ಹೇಗಾದೀತು?" ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡೆ.

ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಕ್ಕೆ ಕೇಡೆಂಬುದನ್ನು ಪಶುವೈದ್ಯರು ಇಪ್ಪತ್ತು ವರ್ಷಗಳಿಗೂ ಮೊದಲೇ ಕಂಡಿದ್ದರು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಲ್ಲಿ ಅಮೇರಿಕೆಯ ಪಶುವೈದ್ಯರು ತಿಳಿಸಿದರು. ಮನುಷ್ಯನಿಗೆ ತೊಂದರೆ ಕೊಡದ ಈ ಹುಳಿ ನಾಯಿಯ ಮೂತ್ರಪಿಂಡವನ್ನು ಕೆಡಿಸುತ್ತದೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಸುಮಾರು ಒಂದು ಕಿಲೋ ಬೇದಾಣೆಯಾಗುವುದರಿಂದ ಬೇದಾಣೆಯಲ್ಲಿ ವಿಷವೂ ದಟ್ಟವಾಗಿರುತ್ತದೆ. ಹುಣಿಸೆಹಣ್ಣಿನ ಹುಳಿಯೂ ಇದೇ ಆಮ್ಲದ್ದು. ಹಿಂಡಿ ಉಳಿದ ತಿರುಳನ್ನೂ ನಾಯಿಗೆ ಹಾಕಕೂಡದು.

"ನಮ್ಮ ನಾಯಿ ದ್ರಾಕ್ಷಿ ತಿಂದೂ ಗಟ್ಟಿಮುಟ್ಟಾಗಿದೆ" ಎನ್ನುವವರಿದ್ದಾರೆ. ಇರಬಹುದು. ಆಮ್ಲದ ಪ್ರಮಾಣ ಹಣ್ಣಿನ ಜಾತಿ ಹಾಗೂ ಮಾಗುವಿಕೆಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಒಂದು ನಾಯಿ ತಡೆದುಕೊಂಡದ್ದನ್ನು ಇನ್ನೊಂದು ತಡೆಯಲಾರದು. ಹತ್ತು ಸಲ ಬಾವಿಯ ದಂಡೆಯ ಮೇಲೆ ಓಡಿದ ಹುಡುಗ ಬೀಳಲಿಲ್ಲವೆಂದು ದಂಡೆ ಓಡುವ ಜಾಗವಾಗುವುದಿಲ್ಲ.

ಮನೆಯಲ್ಲಿ ಇಂಥ ವಸ್ತುಗಳು ಇನ್ನೂ ಇವೆ. ಹತ್ತು ಕಿಲೋ ತೂಕದ ನಾಯಿಗೆ 150 ಗ್ರಾಂ ಉಳ್ಳಾಗಡ್ಡಿಯೇ ರಕ್ತದ ಕೆಂಪುಕಣಗಳನ್ನು ಒಡೆಯಲು ಸಾಕಾಗಬಹುದು. ಬೇಯಿಸಿದರೂ ಹುರಿದರೂ ಆ ಗುಣ ಹೋಗುವುದಿಲ್ಲ. ಬಳ್ಳೊಳ್ಳಿಯದು ಇನ್ನೂ ತೀಕ್ಷ್ಣ. ಮಕ್ಕಳ ಚಾಕೊಲೇಟು, ಸಕ್ಕರೆಯ ಬದಲು ಝೈಲಿಟಾಲ್ ಹಾಕಿದ ಚೂಯಿಂಗ್ ಗಮ್ಮು, ಬಟ್ಟೆಯ ನಡುವಿನ ಡಾಂಬರ ಗುಳಿಗೆ, ಇಲಿಪಾಷಾಣ ಎಲ್ಲವೂ ಅಪಾಯದವೇ. ಕೇಕಿನ ವೆನಿಲ್ಲಾ ಅರ್ಕ ಘಮಘಮಿಸುತ್ತದೆ, ಆದರೆ ಅಪ್ಪಟ ಅರ್ಕದಲ್ಲಿ ನೂರಕ್ಕೆ 35 ಪಾಲಾದರೂ ಮದ್ಯಸಾರವಿರುತ್ತದೆ. ಬೆಂದ ಕೇಕಿಗೆ ಬಿದ್ದ ನಾಲ್ಕು ಹನಿಯಿಂದ ಭಯವಿಲ್ಲ. ಉರುಳಿದ ಸೀಸೆಯನ್ನು ನಾಯಿ ನೆಕ್ಕಿದರೆ ಭಯವುಂಟು. ಇನ್ನು ನಾಯಿ ಕುಂಟಿತೆಂದು ನಮ್ಮ ಮೈಕೈನೋವಿನ ಗುಳಿಗೆ ನುಂಗಿಸುವುದಂತೂ ಕೂಡದು. ಐಬುಪ್ರೊಫೆನ್ ಅದರ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಪ್ಯಾರಾಸಿಟಮಾಲ್ ಹೆಚ್ಚಾದರೆ ಯಕೃತ್ತು ಕೆಡುತ್ತದೆ.

ತಿನ್ನಬಾರದ್ದನ್ನು ತಿಂದದ್ದು ಕಂಡರೆ ವಾಂತಿಯಾಗುವವರೆಗೆ ಕಾಯಬೇಡಿರಿ. ಒಂದೆರಡು ತಾಸಿನೊಳಗೆ ಒಯ್ದರೆ ವೈದ್ಯರು ವಾಂತಿ ಮಾಡಿಸಿ ಹೊರತೆಗೆಯಬಲ್ಲರು. ತಡವಾದರೆ ಸಲಾಯಿನು ಹಚ್ಚಿ ದಿನಗಟ್ಟಲೆ ಕಾಯಬೇಕು. ತಿಂದ ವಸ್ತುವಿನ ಚೀಟಿ, ಪೊಟ್ಟಣ ಜೊತೆಗೆ ಒಯ್ಯಿರಿ. ಮನೆಯಲ್ಲಿ ಉಪ್ಪುನೀರು ಕುಡಿಸಬೇಡಿರಿ, ಆ ಉಪ್ಪೇ ಬೇರೊಂದು ವಿಷವಾದೀತು.

ಬೇದಾಣೆ ಶೆಡ್ಡಿನವರಲ್ಲಿ ನನ್ನದೊಂದು ಬಿನ್ನಹ. ಗುಡಿಸಿದ ಕಾಳನ್ನು ಬೇಲಿಯ ಆಚೆ ಚೆಲ್ಲದೆ ತಗ್ಗು ತೋಡಿ ಮುಚ್ಚಿರಿ. ಒಂದು ಬುಟ್ಟಿ ಮಣ್ಣಿನ ಕೆಲಸವದು. ಶಿಕ್ಷಕ ಬಂಧುಗಳು ಸುಗ್ಗಿಗೆ ಮುನ್ನ ಒಂದು ದಿನ ಹತ್ತು ನಿಮಿಷ ಈ ವಿಷಯ ಹೇಳಿದರೆ ಮಕ್ಕಳ ಮೂಲಕ ಮಾತು ಮನೆಮನೆಗೆ ಮುಟ್ಟುತ್ತದೆ.

ನಾಯಿ ನಮ್ಮ ಕೈಯನ್ನು ನಂಬಿ ಬಟ್ಟಲಿಗೆ ಬಾಯಿ ಹಾಕುತ್ತದೆ. ಜೋಳದ ರೊಟ್ಟಿ, ಮಜ್ಜಿಗೆ, ಉಳ್ಳಾಗಡ್ಡಿ ಬೀಳದ ಬೇಳೆ, ಇಷ್ಟು ಅದಕ್ಕೆ ಸಾಕು. ಕರಿಯಾನಿಗೂ ಅಷ್ಟೇ ಸಾಕಾಗಿತ್ತು.