ಕೋತಿಮರಿ ಸಾಕಿದರೂ ಜೈಲು: ಗಡಿ ಹಳ್ಳಿಗಳಿಗೆ ತಲುಪದ ಕಾನೂನು

ರಾಯದುರ್ಗ/ಮಡಕಶಿರ: ಕರೆಂಟ್ ತಂತಿ ತಗುಲಿ ತಾಯಿ ಕೋತಿ ಸತ್ತು ಬಿದ್ದಿರುತ್ತದೆ. ಮರಿ ಮಾತ್ರ ಬದುಕಿ ತಾಯಿಯ ಎದೆಗೆ ಅಂಟಿಕೊಂಡೇ ಇರುತ್ತದೆ. ಊರಿನವರು ಸತ್ತ ಕೋತಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಮಣ್ಣು ಮಾಡುತ್ತಾರೆ. ಮರಿಯನ್ನು ಕರುಣೆಯುಳ್ಳ ಯಾರೋ ಮನೆಗೆ ಒಯ್ದು ಹಾಲು ಕುಡಿಸುತ್ತಾರೆ. ತಿಂಗಳು ಕಳೆಯುವಷ್ಟರಲ್ಲಿ ಅದಕ್ಕೊಂದು ಹೆಸರು, ಸೊಂಟಕ್ಕೊಂದು ಹಗ್ಗ. ಮಕ್ಕಳಿಗೆ ಆಟ, ನೆಂಟರಿಗೆ ನೋಟ, ಮೊಬೈಲಿನಲ್ಲಿ ಹತ್ತಾರು ಫೋಟೋ.

ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಆದರೆ ಇಂದಿನ ಕಾನೂನಿನ ಪ್ರಕಾರ ಇದು ಕನಿಷ್ಠ ಮೂರು ವರ್ಷ ಜೈಲು ಶಿಕ್ಷೆ ಇರುವ ಅಪರಾಧ. ಹೆಚ್ಚೆಂದರೆ ಏಳು ವರ್ಷ. ಹುಲಿ, ಚಿರತೆ ಹಿಡಿದಿಟ್ಟುಕೊಂಡವನಿಗೆ ಅನ್ವಯಿಸುವ ಶಿಕ್ಷೆಯ ಕಲಮೇ ಕೋತಿಮರಿಗೆ ಹಾಲು ಕುಡಿಸಿದವನಿಗೂ ಅನ್ವಯಿಸುತ್ತದೆ. ಈ ಸಂಗತಿ ಗಡಿ ಭಾಗದ ಎಷ್ಟು ಮನೆಗಳಿಗೆ ಗೊತ್ತು?

2022ರ ಏಪ್ರಿಲ್ 4ರಂದು ಆಂಧ್ರದ ಜಿಲ್ಲೆಗಳು ಮರುವಿಂಗಡಣೆಯಾದವು. ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಮಡಕಶಿರ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆಯಾದರೂ ಎರಡೂ ಕಡೆಯ ಕನ್ನಡಿಗರ ಪಾಡು ಒಂದೇ. ಒಂದು ಕಡೆ ಮೊಳಕಾಲ್ಮೂರು, ಬಳ್ಳಾರಿ. ಇನ್ನೊಂದು ಕಡೆ ಶಿರಾ, ಪಾವಗಡ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಕೋತಿ ಮಾತ್ರ ಎರಡೂ ಭಾಷೆಯಲ್ಲಿ ಕೋತಿಯೇ, ಅದಕ್ಕೆ ಗಡಿಯೂ ಇಲ್ಲ. ಆದರೆ ಅದನ್ನು ಕೈಯಲ್ಲಿ ಹಿಡಿದವನಿಗೆ ಗಡಿಯೂ ಇದೆ, ಕಾನೂನೂ ಇದೆ.

ಹುಲಿಯ ಪಟ್ಟಿಗೆ ಸೇರಿದ ಕೋತಿ

ನಮ್ಮ ಬೆಟ್ಟ, ಗುಡಿ, ಬಸ್ ಸ್ಟ್ಯಾಂಡುಗಳಲ್ಲಿ ಕಾಣುವ ಕೋತಿ ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಜಾತಿಯದು. ವಿಜ್ಞಾನಿಗಳು ಇದನ್ನು ಬಾನೆಟ್ ಮಕಾಕ್ ಎನ್ನುತ್ತಾರೆ. ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದರ ನೆಲೆಯಿಲ್ಲ. ಉತ್ತರದ ಕೆಂಪು ಮುಖದ ರೀಸಸ್ ಕೋತಿ ಬೇರೆ, ಇದು ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಂದೆ ಈ ಎರಡೂ ಕೋತಿಗಳು ಎರಡನೇ ಶೆಡ್ಯೂಲಿನಲ್ಲಿದ್ದವು. 2022ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದಿತು. ಆರು ಶೆಡ್ಯೂಲುಗಳು ನಾಲ್ಕಾದವು. 2023ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಆಗ ಉತ್ತರದ ರೀಸಸ್ ಕೋತಿಯನ್ನು ಪಟ್ಟಿಯಿಂದಲೇ ಕೈಬಿಡಲಾಯಿತು. ನಮ್ಮ ಬಾನೆಟ್ ಕೋತಿಯನ್ನು ಒಂದನೇ ಶೆಡ್ಯೂಲಿಗೆ, ಅಂದರೆ ಹುಲಿ, ಆನೆ, ಕರಡಿಗಳ ಸಾಲಿಗೆ ಏರಿಸಲಾಯಿತು.

ಇದಕ್ಕೆ ಕಾರಣವಿಲ್ಲದಿಲ್ಲ. ಊರಿನಲ್ಲಿ ಕೋತಿ ಹೆಚ್ಚಾದಂತೆ ಕಂಡರೂ ಈ ಜಾತಿ ಒಟ್ಟಾರೆ ಕುಗ್ಗುತ್ತಿದೆ ಎಂಬುದು ತಜ್ಞರ ಅಭಿಪ್ರಾಯ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ಅಪಾಯಕ್ಕೆ ಸಿಲುಕಬಲ್ಲ ಜೀವಿಗಳ ಪಟ್ಟಿಯಲ್ಲಿಟ್ಟಿದೆ. ಉತ್ತರದಿಂದ ರೀಸಸ್ ಕೋತಿ ದಕ್ಷಿಣಕ್ಕೆ ಹಬ್ಬುತ್ತಿದೆ. ರಸ್ತೆ ಬದಿಯ ಆಲ, ಅರಳಿ, ಹುಣಸೆ ಮರಗಳು ರಸ್ತೆ ಅಗಲೀಕರಣಕ್ಕೆ ಹೋದಂತೆಲ್ಲ ನಮ್ಮ ಕೋತಿ ನೆಲೆ ಕಳೆದುಕೊಂಡು ಮನೆ ಮಾಡು ಏರಿದೆ. ಹೆಚ್ಚಿದ್ದು ಕೋತಿಗಳಲ್ಲ, ಅವುಗಳ ಹಸಿವು ಎನ್ನಬಹುದು.

ಸಾಕಿದರೆ ಏನಾಗುತ್ತದೆ?

ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಬಲೆ, ಬೋನು, ಉರುಲು ಹಾಕಿ ಹಿಡಿಯುವುದೂ ಬೇಟೆಯೇ. 9ನೇ ಸೆಕ್ಷನ್ ಅದನ್ನು ನಿಷೇಧಿಸುತ್ತದೆ. 39ನೇ ಸೆಕ್ಷನ್ ಪ್ರಕಾರ ಹಾಗೆ ಹಿಡಿದ, ಇಟ್ಟುಕೊಂಡ ಕಾಡುಪ್ರಾಣಿ ರಾಜ್ಯ ಸರ್ಕಾರದ ಆಸ್ತಿ. ಅನುಮತಿಯಿಲ್ಲದೆ ಅದನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ದಾನ ಕೊಡುವಂತಿಲ್ಲ. ಮನೆಯವರಿಗೆ ಅದು ಸಾಕಿದ ಮಗು. ಸರ್ಕಾರದ ಲೆಕ್ಕದಲ್ಲಿ ಸರ್ಕಾರಿ ಸೊತ್ತು.

51ನೇ ಸೆಕ್ಷನ್ ಶಿಕ್ಷೆ ಹೇಳುತ್ತದೆ. ಒಂದನೇ ಶೆಡ್ಯೂಲಿನ ಪ್ರಾಣಿಯಾದರೆ ಮೂರರಿಂದ ಏಳು ವರ್ಷ ಜೈಲು, ಜೊತೆಗೆ ಕನಿಷ್ಠ 25 ಸಾವಿರ ರೂಪಾಯಿ ದಂಡ. ಕನಿಷ್ಠ ಜೈಲು ಶಿಕ್ಷೆ ಗೊತ್ತುಮಾಡಿರುವ ಅಪರಾಧಗಳನ್ನು ಇಲಾಖೆಯ ಮಟ್ಟದಲ್ಲಿ ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಹಾಗೂ ಇಲ್ಲ. ಇನ್ನೊಂದು ಮಾತು: ಪ್ರಾಣಿ ನಿಮ್ಮ ವಶದಲ್ಲಿದೆ ಎಂದು ಸಾಬೀತಾದರೆ ಅದು ಅಕ್ರಮ ವಶವೆಂದೇ ನ್ಯಾಯಾಲಯ ಮೊದಲು ಭಾವಿಸಬೇಕೆಂದು 57ನೇ ಸೆಕ್ಷನ್ ಹೇಳುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಆರೋಪಿಯದು. ಮೊಬೈಲಿನಲ್ಲಿ ಹಾಕಿಕೊಂಡ ಫೋಟೋಗಳೇ ಆಗ ಸಾಕ್ಷಿ.

"ನಾನು ಹಿಡಿಯಲಿಲ್ಲ, ಅದೇ ಬಂತು" ಎಂಬ ಮಾತಿಗೆ ಬೆಲೆ ಇಲ್ಲವೇ? ಇದೆ. ಅದಕ್ಕೆ ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. ಯಾವ ರೀತಿಯಿಂದಲೇ ಆಗಲಿ ಇಂಥ ಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು, ಕೇಳಿದರೆ ಒಪ್ಪಿಸಬೇಕು. ತಾಯಿ ಸತ್ತ ಮರಿಗೆ ಒಂದು ದಿನ ಹಾಲು ಕುಡಿಸುವುದು ಮನುಷ್ಯತ್ವ. ಎರಡು ದಿನ ದಾಟಿಯೂ ಸುಮ್ಮನಿದ್ದರೆ ಅದು ಅಪರಾಧದ ದಾರಿ. ತಿಳಿಸುವಾಗ ಬರಿ ಬಾಯಿಮಾತಿನಲ್ಲಿ ಹೇಳಿ ಬರುವುದಕ್ಕಿಂತ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯುವುದು ಜಾಣತನ.

ಸಾಕಿದವರ ಅನುಭವವೂ ಕಾನೂನಿನ ಪರವಾಗಿಯೇ ಇದೆ. ಮರಿ ಮೂರ್ನಾಲ್ಕು ವರ್ಷಕ್ಕೆ ಬಲಿಯುತ್ತದೆ. ಕೋರೆಹಲ್ಲು ಬರುತ್ತದೆ. ಮುದ್ದಿನ ಮರಿ ಮನೆಯ ಮಗುವನ್ನೇ ಕಚ್ಚುತ್ತದೆ. ಆಗ ಸರಪಳಿ, ಇಲ್ಲವೇ ದೂರ ಬಿಟ್ಟು ಬರುವುದು. ಮನುಷ್ಯರ ನಡುವೆ ಬೆಳೆದ ಕೋತಿಯನ್ನು ಹಿಂಡು ಸೇರಿಸಿಕೊಳ್ಳುವುದು ಕಷ್ಟ. ಕೋತಿ ಕಚ್ಚಿದರೆ ರೇಬೀಸ್ ಭಯ ನಾಯಿ ಕಚ್ಚಿದಾಗ ಇರುವಂತೆಯೇ ಇರುತ್ತದೆ. ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಓಡಬೇಕು. ಕ್ಷಯದಂಥ ಕಾಯಿಲೆ ಮನುಷ್ಯರಿಂದ ಕೋತಿಗೂ ಕೋತಿಯಿಂದ ಮನುಷ್ಯರಿಗೂ ದಾಟಬಲ್ಲದು.

ಕೋತಿಯೊಂದೇ ಅಲ್ಲ

ಕನ್ನಡದಲ್ಲಿ ಮುಸಿಯ, ತೆಲುಗಿನಲ್ಲಿ ಕೊಂಡಮುಚ್ಚು ಎನ್ನುವ ಕಪ್ಪು ಮುಖದ ಪ್ರಾಣಿಯೂ ಸಂರಕ್ಷಿತವೇ. ಕೋತಿ ಓಡಿಸಲೆಂದು ಅದನ್ನು ತಂದು ಕಟ್ಟುವುದು ದೆಹಲಿಯಲ್ಲೂ ನಡೆದಿತ್ತು. ಅದು ಕಾಯ್ದೆಗೆ ವಿರುದ್ಧವೆಂದು 2012ರಲ್ಲಿ ಕೇಂದ್ರ ಸರ್ಕಾರ ಹೇಳಿದ ಮೇಲೆ ಅಲ್ಲಿ ಮುಸಿಯನಂತೆ ಕೂಗುವ ಮನುಷ್ಯರನ್ನೇ ಕೆಲಸಕ್ಕೆ ಇಟ್ಟುಕೊಂಡರು.

ಕಾಡುಪಾಪ ಇನ್ನೊಂದು. ತೆಲುಗಿನವರು ದೇವಾಂಗ ಪಿಲ್ಲಿ ಎನ್ನುವ ಈ ದೊಡ್ಡ ಕಣ್ಣಿನ ಪುಟ್ಟ ಜೀವಿಯೂ ಕೋತಿಯ ದೂರದ ಸಂಬಂಧಿ. ತುಮಕೂರು ಬಳಿಯ ನಾಗವಲ್ಲಿ ಇದರ ನೆಲೆಯೆಂದು ಹೆಸರಾಗಿದೆ. ಮಾಟ ಮಂತ್ರದ ಹೆಸರಿನಲ್ಲಿ ಹಿಡಿಯುವವರಿಂದ ಇದಕ್ಕೆ ಕಂಟಕ. ಇದು ಮೊದಲಿನಿಂದಲೂ ಒಂದನೇ ಶೆಡ್ಯೂಲಿನಲ್ಲಿದೆ. ತಮಿಳುನಾಡು 2022ರಲ್ಲಿ ಇದಕ್ಕೆಂದೇ ಕಡವೂರಿನಲ್ಲಿ ಅಭಯಾರಣ್ಯ ಘೋಷಿಸಿತು.

ಸಂತೆಗಳಲ್ಲಿ ಕೋತಿ ಆಡಿಸುವವರು ಈಗ ಅಪರೂಪವಾಗಿರುವುದಕ್ಕೆ ಕಾರಣ ಬೇರೆ ಕಾನೂನು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ 1998ರ ಅಕ್ಟೋಬರಿನಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನ ನಿಷೇಧವಾಯಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಮರುಗ ಹಿಡಿದು ಊರೂರು ಸುತ್ತುತ್ತಿದ್ದ ಕುಟುಂಬಗಳ ಹೊಟ್ಟೆಪಾಡಿಗೆ ಪೆಟ್ಟು ಬಿದ್ದದ್ದೂ ನಿಜ.

ಪೇಟೆಯ ಹಣವಂತರ ಶೋಕಿ ಬೇರೆ ಬಗೆಯದು. ಮಾರ್ಮೊಸೆಟ್, ಕ್ಯಾಪುಚಿನ್ ಮುಂತಾದ ವಿದೇಶಿ ಮಂಗಗಳು ಕಳ್ಳ ದಾರಿಯಲ್ಲಿ ಬರುತ್ತವೆ. 2023ರ ಸೆಪ್ಟೆಂಬರಿನಲ್ಲಿ ಬ್ಯಾಂಕಾಕಿನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗುಗಳಲ್ಲಿ 72 ಹಾವುಗಳ ಜೊತೆ ಆರು ಕ್ಯಾಪುಚಿನ್ ಮಂಗಗಳು ಸಿಕ್ಕವು, ಆರೂ ಸತ್ತಿದ್ದವು. ಇಂಥ ವಿದೇಶಿ ಪ್ರಾಣಿ ಇಟ್ಟುಕೊಂಡವರು 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಕೇಂದ್ರದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಮಾಡಿಸಲೇಬೇಕು.

ಗಮನಿಸಿ: ಸಾವಿರಾರು ಮೈಲಿ ದೂರದ ಮಂಗವನ್ನು ದುಡ್ಡು ಕೊಟ್ಟು ತಂದವರಿಗೆ ಸರಿಯಾದ ಕಾಗದಪತ್ರ ಇದ್ದರೆ ನೋಂದಣಿಯ ದಾರಿ ಇದೆ. ಹೊಲದ ಬದುವಿನಲ್ಲಿ ಸಿಕ್ಕ ಮರಿಯನ್ನು ಎತ್ತಿಕೊಂಡವನಿಗೆ ಆ ದಾರಿಯೂ ಇಲ್ಲ.

ಹಿಡಿದು ಬಿಡುವುದೂ ತಪ್ಪೇ

ಸಾಕುವುದಕ್ಕಿಂತ ದೊಡ್ಡ ಸಮಸ್ಯೆ ಓಡಿಸುವುದು. ಕೋತಿ ಕಾಟ ತಾಳದೆ ಊರಿನವರು ಚಂದಾ ಎತ್ತಿ ಹಿಡಿಯುವವರನ್ನು ಕರೆಸುವುದು ಎರಡೂ ರಾಜ್ಯಗಳಲ್ಲಿ ಕಂಡದ್ದೇ. ಬೋನಿನಲ್ಲಿ ತುಂಬಿ, ರಾತ್ರಿ ಟೆಂಪೋದಲ್ಲಿ ಒಯ್ದು ಇನ್ನೊಂದು ಊರಿನ ಗುಡ್ಡದಲ್ಲಿ ಬಿಟ್ಟರೆ ಒಂದೂರಿನ ಪೀಡೆ ಇನ್ನೊಂದೂರಿಗೆ. ಗಡಿಯಲ್ಲಿ ಇದು ಇನ್ನೂ ಸುಲಭ: ನಾಲ್ಕು ಮೈಲಿ ಹೋದರೆ ರಾಜ್ಯವೇ ಬೇರೆ.

ಕಾನೂನು ಇಲ್ಲೂ ಸುಮ್ಮನಿಲ್ಲ. ಒಂದನೇ ಶೆಡ್ಯೂಲಿನ ಪ್ರಾಣಿಯನ್ನು ಹಿಡಿಯಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಪಂಚಾಯಿತಿ ಠರಾವು ಸಾಲದು. ಸಾಗಿಸಲು 48ಎ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಅಂದರೆ ಹಿಡಿದವನಷ್ಟೇ ಅಲ್ಲ, ಟೆಂಪೋದವನೂ ಸಿಕ್ಕಿಬೀಳುತ್ತಾನೆ.

ಇದು ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಹಾಸನ ಜಿಲ್ಲೆ ತೋರಿಸಿದೆ. 2021ರ ಜುಲೈನಲ್ಲಿ ಬೇಲೂರು ತಾಲೂಕಿನ ಚೌಡನಹಳ್ಳಿ ಬಳಿ ರಸ್ತೆ ಬದಿ ಬಿದ್ದಿದ್ದ ಗೋಣಿಚೀಲಗಳಲ್ಲಿ 38 ಕೋತಿಗಳ ಹೆಣ ಸಿಕ್ಕವು. ಕರ್ನಾಟಕ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಕೋತಿ ಹಿಡಿಯಲು ದುಡ್ಡು ಕೊಟ್ಟು ಕರೆಸಿದ್ದ ವಿಚಾರ ತನಿಖೆಯಲ್ಲಿ ಹೊರಬಂತು. ಚಂದಾ ಕೊಟ್ಟವರು ಕೊಲ್ಲಿ ಎಂದಿರಲಿಕ್ಕಿಲ್ಲ. ಆದರೆ ಚೀಲದೊಳಗೆ ಏನಾಯಿತು ಎಂದು ಕೇಳುವವರು ಇರಲಿಲ್ಲ.

ರೈತನ ಮಾತಿಗೂ ಬೆಲೆ ಬೇಕು

ಹಾಗೆಂದು ರೈತರನ್ನು ದೂರುವಂತಿಲ್ಲ. ಅಮರಾಪುರ, ಅಗಳಿ, ರೊಳ್ಳ ಕಡೆ ತೆಂಗು, ಅಡಿಕೆ ತೋಟ. ರಾಯದುರ್ಗದ ಕಡೆ ಮಳೆ ನಂಬಿದ ಶೇಂಗಾ. ಎಳನೀರು ಕಿತ್ತು ಕೆಡವಿ, ಶೇಂಗಾ ಬಳ್ಳಿ ಎಳೆದು, ಹಂಚು ಸರಿಸಿ ಮನೆಗೆ ನುಗ್ಗುವ ಹಿಂಡಿನ ಮುಂದೆ ಶೆಡ್ಯೂಲಿನ ಮಾತು ಆಡಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಎರಡನೇ ಶೆಡ್ಯೂಲಿನ ಪ್ರಾಣಿ ಬೆಳೆ ಹಾಳು ಮಾಡಿದರೆ ಅನುಮತಿ ಕೊಡಲು ಕಾಯ್ದೆಯಲ್ಲಿ ಅವಕಾಶವಿದೆ. ಒಂದನೇ ಶೆಡ್ಯೂಲಿಗೆ ಬೆಳೆ ಹಾನಿ ಕಾರಣವಾಗುವುದಿಲ್ಲ. ಮನುಷ್ಯನ ಜೀವಕ್ಕೆ ಅಪಾಯ ಇರಬೇಕು, ಇಲ್ಲವೇ ಪ್ರಾಣಿಯೇ ಗುಣವಾಗದಷ್ಟು ಕಾಯಿಲೆ ಬಿದ್ದಿರಬೇಕು. ಕೋತಿಯ ಶೆಡ್ಯೂಲ್ ಬದಲಾದಾಗ ರೈತ ಕಳೆದುಕೊಂಡದ್ದು ಇದನ್ನೇ.

ಕೇರಳ ಈ ಗಂಟನ್ನು ಬಿಡಿಸಲು ಹೊರಟಿದೆ. ಬಾನೆಟ್ ಕೋತಿಯನ್ನು ಒಂದನೇ ಶೆಡ್ಯೂಲಿನಿಂದ ಎರಡಕ್ಕೆ ಇಳಿಸುವುದೂ ಸೇರಿದಂತೆ ತಿದ್ದುಪಡಿ ಮಸೂದೆಯನ್ನು ಅಲ್ಲಿನ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ಅಂಗೀಕರಿಸಿತು. ಇದು ಕೇಂದ್ರ ಕಾಯ್ದೆಯಾದ್ದರಿಂದ ರಾಷ್ಟ್ರಪತಿಗಳ ಅಂಕಿತ ಬೇಕು. ತೆಲಂಗಾಣದ ದಾರಿ ಬೇರೆ: ನಿರ್ಮಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಕೋತಿಗಳ ಪುನರ್ವಸತಿ ಕೇಂದ್ರ ತೆರೆದು ಸಂತಾನಹರಣ ಚಿಕಿತ್ಸೆ ಶುರುಮಾಡಿತು. ಅದಕ್ಕೂ ಮೊದಲೇ ಹಿಮಾಚಲ ಪ್ರದೇಶ ಈ ಕೆಲಸ ಕೈಗೊಂಡಿತ್ತು.

ರೈತರೂ ತಮ್ಮ ಉಪಾಯ ಬಿಟ್ಟಿಲ್ಲ. 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಸಾಕುನಾಯಿಗೆ ಹುಲಿಯ ಪಟ್ಟೆ ಬಳಿದು ಕೋತಿ ಓಡಿಸಿದ್ದು ದೇಶವೆಲ್ಲ ಸುದ್ದಿಯಾಗಿತ್ತು. ನಗು ಬರುವ ಸಂಗತಿ ನಿಜ. ಆದರೆ ಸರ್ಕಾರ ಕೈಚೆಲ್ಲಿದಾಗ ರೈತ ಇನ್ನೇನು ಮಾಡಬೇಕು?

ಆಗಬೇಕಾದದ್ದು

ಮೊದಲನೆಯದು ತಿಳಿವಳಿಕೆ. 48 ಗಂಟೆಯ ನಿಯಮ, ಹತ್ತಿರದ ಅರಣ್ಯ ರೇಂಜ್ ಕಚೇರಿಯ ಫೋನ್ ನಂಬರು ಪ್ರತಿ ಗ್ರಾಮ ಸಚಿವಾಲಯದ ಗೋಡೆಯ ಮೇಲೆ ತೆಲುಗಿನ ಜೊತೆ ಕನ್ನಡದಲ್ಲೂ ಇರಬೇಕು. ಕನ್ನಡ ಮಾಧ್ಯಮ ಶಾಲೆಯ ಮಕ್ಕಳಿಗೆ ಒಮ್ಮೆ ಹೇಳಿದರೆ ಮನೆಮನೆಗೆ ಮುಟ್ಟುತ್ತದೆ.

ಎರಡನೆಯದು ಮರಿ ಒಪ್ಪಿಸಲು ಜಾಗ. ರಾಯದುರ್ಗದವರಿಗೆ ಚಿತ್ರದುರ್ಗದ ಆಡುಮಲ್ಲೇಶ್ವರ ಕಿರು ಮೃಗಾಲಯ ಹತ್ತಿರ, ತಿರುಪತಿ ದೂರ. ಆದರೆ ಆಂಧ್ರದ ಕೋತಿ ಆಂಧ್ರ ಸರ್ಕಾರದ ಸೊತ್ತು. ಯಾರೋ ಬೈಕಿನಲ್ಲಿ ಗಡಿ ದಾಟಿಸಿ ಒಪ್ಪಿಸುವಂತಿಲ್ಲ. ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳು ಕೂತು ಮಾತಾಡಿದರೆ ಮಾತ್ರ ಇದಕ್ಕೆ ದಾರಿ.

ಮೂರನೆಯದು ಚಿಕಿತ್ಸೆ ಮತ್ತು ಹಿಡಿಯುವ ಕೆಲಸ ಸರ್ಕಾರದ್ದೇ ಆಗಬೇಕು. ಕೋತಿ ಸರ್ಕಾರದ ಆಸ್ತಿಯಾದರೆ ಅದು ತಿಂದ ಬೆಳೆಯ ಲೆಕ್ಕವೂ ಸರ್ಕಾರದ್ದೇ ಅಲ್ಲವೇ? ಆಸ್ತಿ ತನ್ನದು, ನಷ್ಟ ರೈತನದು ಎಂಬ ನ್ಯಾಯ ಬಹಳ ದಿನ ನಡೆಯದು.

ಶ್ರಾವಣದ ಶನಿವಾರ ಈ ಭಾಗದ ಜನ ಕಸಾಪುರ, ಮುರಡಿ, ನೇಮಕಲ್ಲು ಮೂರೂ ಕಡೆಯ ಆಂಜನೇಯನ ದರ್ಶನ ಒಂದೇ ದಿನ ಮಾಡಿ ಬರುತ್ತಾರೆ. ಕೋತಿಗೆ ಬಾಳೆಹಣ್ಣು ಕೊಡುವ ಕೈಯೂ ಅದೇ, ಸೋಮವಾರ ಹೊಲದಲ್ಲಿ ಕಲ್ಲು ಎತ್ತುವ ಕೈಯೂ ಅದೇ. ಆ ಜನರಲ್ಲಿ ಕರುಣೆಗೆ ಕೊರತೆಯಿಲ್ಲ. ಕೊರತೆ ಇರುವುದು ಅವರಿಗೆ ಕಾನೂನನ್ನು ಅವರ ಭಾಷೆಯಲ್ಲಿ ಹೇಳುವವರದು. ಅದು ಆಗುವ ತನಕ ಓದುಗರು ಒಂದನ್ನು ನೆನಪಿಟ್ಟರೆ ಸಾಕು: ಮರಿ ಸಿಕ್ಕರೆ ಸಾಕಬೇಡಿ, ಬಿಸಾಡಲೂಬೇಡಿ; ಎರಡು ದಿನದೊಳಗೆ ಬರೆದುಕೊಟ್ಟು ಒಪ್ಪಿಸಿ.