ಹಗ್ಗ ಎಳೆಯೋಕೆ ಮುಂಚೆ

ಐಸಿ ಎಂಜಿನ್ ಲ್ಯಾಬಿನಲ್ಲಿ ನನಗೆ ಒಳ್ಳೇ ಮಾರ್ಕ್ಸ್ ಬಂದಿದೆ. ವಾಲ್ವ್ ಟೈಮಿಂಗ್ ಡಯಾಗ್ರಮ್ ಕಣ್ಣು ಮುಚ್ಚಿ ಬರೀತೀನಿ. ಆದರೆ ದೀಪಾವಳಿ ರಜೆಗೆ ಊರಿಗೆ ಹೋದಾಗ, ನಮ್ಮನೆ ಹುಲ್ಲು ಹೊಡೆಯೋ ಮಿಷನ್ ಸ್ಟಾರ್ಟ್ ಮಾಡೋಕೆ ಹೋಗಿ ಅಪ್ಪನ ಪಾದ ಕತ್ತರಿಸುವುದರಲ್ಲಿದ್ದೆ. ಉತ್ಪ್ರೇಕ್ಷೆ ಅಲ್ಲ. ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಮಿಷನ್ನಿನ ಕೋಲು ಹಿಡಿದಿದ್ದರು. ನಾನು ಹಗ್ಗ ಎಳೆದೆ. ಎಂಜಿನ್ ಹತ್ತಿಕೊಂಡಿತು, ಹತ್ತಿದ ಕ್ಷಣವೇ ಬ್ಲೇಡೂ ತಿರುಗಿತು. ಆಕ್ಸಿಲರೇಟರ್ ನಾನು ಮುಟ್ಟಿಯೇ ಇರಲಿಲ್ಲ. ಕೋಲು ಜಿಗಿದು ಪಕ್ಕದಲ್ಲಿ ಬಿದ್ದಿದ್ದ ಡ್ರಿಪ್ ಪೈಪನ್ನು ಎರಡು ತುಂಡು ಮಾಡಿತು. ಪೈಪಿಗೂ ಅಪ್ಪನ ಪಾದಕ್ಕೂ ಇದ್ದಿದ್ದು ಒಂದು ಗೇಣು.

ತಪ್ಪು ಯಾರದ್ದು ಅಂತ ಹುಡುಕಬೇಕಾಗಿಲ್ಲ, ನಂದೇ. ಹಿಂದಿನ ದಿನ ಮಿಷನ್ ಪದೇಪದೇ ಆಫ್ ಆಗ್ತಿತ್ತು. ತೋಟಕ್ಕೆ ಬರುವ ಅಣ್ಣ, "ನೀವು ಇಂಜಿನಿಯರ್ ಅಲ್ವಾ, ಒಂಚೂರು ನೋಡಿ ಮಾರಾಯ್ರೆ" ಅಂದರು. ಕಾರ್ಬ್ಯುರೇಟರಿನ ಐಡ್ಲಿಂಗ್ ಸ್ಕ್ರೂ ಯಾವುದು ಅಂತ ನನಗೆ ಗೊತ್ತು. ಒಂದು ಸುತ್ತು ತಿರುಗಿಸಿದೆ, ಆಫ್ ಆಗೋದು ನಿಂತಿತು. ಸಂಜೆ ಕಾಫಿ ಕುಡೀತಾ ಅಮ್ಮನ ಹತ್ರ ಕೊಚ್ಚಿಕೊಂಡಿದ್ದೂ ಆಯಿತು.

ಈ ಮಿಷನ್ನಿನಲ್ಲಿ ಇರೋದು ಸೆಂಟ್ರಿಫ್ಯೂಗಲ್ ಕ್ಲಚ್, ಗೇರಿಲ್ಲದ ಸ್ಕೂಟರಿನಲ್ಲಿ ಇರುತ್ತಲ್ಲ, ಅದೇ ಜಾತಿ. ಎಂಜಿನ್ ನಿಧಾನಕ್ಕೆ ಓಡುವಾಗ ಸ್ಪ್ರಿಂಗು ಕ್ಲಚ್ ಶೂಗಳನ್ನು ಒಳಗೆ ಎಳೆದಿಟ್ಟುಕೊಂಡಿರುತ್ತೆ. ವೇಗ ಒಂದು ಮಿತಿ ದಾಟಿದಾಗ ಶೂಗಳು ಹೊರಗೆ ಸರಿದು ಡ್ರಮ್ಮನ್ನು ಒತ್ತುತ್ತವೆ, ಬ್ಲೇಡ್ ತಿರುಗುತ್ತೆ. ಅಂದರೆ ಎಂಜಿನ್ ಓಡುತ್ತಾ ಬ್ಲೇಡ್ ಸುಮ್ಮನಿರೋದು ಅದೃಷ್ಟವಲ್ಲ, ಆ ಎರಡು ವೇಗಗಳ ನಡುವಿನ ಅಂತರ. ನಾನು ಸ್ಕ್ರೂ ತಿರುಗಿಸಿ ಆ ಅಂತರವನ್ನೇ ಅಳಿಸಿಬಿಟ್ಟಿದ್ದೆ. ಸಿಗ್ನಲ್ಲಿನಲ್ಲಿ ನಿಂತ ಸ್ಕೂಟರ್ ತಾನಾಗೇ ಮುಂದೆ ಹೋಗೋ ಹಾಗೆ ಯಾರಾದ್ರೂ ಸೆಟ್ ಮಾಡ್ತಾರಾ? ನಾನು ಮಾಡಿದ್ದು ಅದೇ, ಚಕ್ರದ ಜಾಗದಲ್ಲಿ ಬ್ಲೇಡ್ ಇಟ್ಟುಕೊಂಡು. ಕೊನೆಗೆ ಮಿಷನ್ ಆಫ್ ಆಗ್ತಿದ್ದಿದ್ದಕ್ಕೆ ಕಾರಣ ಏನು ಗೊತ್ತಾ? ಏರ್ ಫಿಲ್ಟರ್ ತುಂಬಾ ಧೂಳು ಕಟ್ಟಿತ್ತು. ತೊಳೆದು ಒಣಗಿಸಿ ಹಾಕಿ, ಸ್ಕ್ರೂ ವಾಪಸ್ ತಿರುಗಿಸಿದರೆ ಎಲ್ಲ ಸರಿ.

ಇದನ್ನು ಬರೆಯೋಕೆ ಕಾರಣ ನನ್ನ ದಡ್ಡತನ ಮಾತ್ರ ಅಲ್ಲ. ಮಲೆನಾಡು, ಕರಾವಳಿಯಿಂದ ಬಂದ ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಈ ಮಿಷನ್ ಇದೆ. ಕೊಯ್ಲಿಗೆ ಮುಂಚೆ ಅಡಿಕೆ ತೋಟದ ಹುಲ್ಲು ಹೊಡೆಸದೆ ಆಗಲ್ಲ, ಕತ್ತಿ ಹಿಡಿದು ಸವರೋ ಜನ ಸಿಗಲ್ಲ. ಆದರೆ ಸ್ಟಾರ್ಟ್ ಮಾಡೋದು ಅಂದರೆ ಹಗ್ಗ ಎಳೆಯೋದು ಅಂತಲೇ ಎಲ್ಲರ ಲೆಕ್ಕ. ನನ್ನ ವಾದ ಇಷ್ಟೇ: ಹಗ್ಗ ಎಳೆಯೋದು ಕೊನೇ ಕೆಲಸ. ಅದಕ್ಕೆ ಮುಂಚಿನ ಹತ್ತು ನಿಮಿಷವೇ ನಿಜವಾದ ಇಂಜಿನಿಯರಿಂಗ್, ಮತ್ತು ಅದನ್ನು ನಮಗೆ ಯಾರೂ ಕಲಿಸಿಲ್ಲ.

ಪೆಟ್ರೋಲಿನಿಂದಲೇ ಶುರು ಮಾಡಿ. ಟೂ ಸ್ಟ್ರೋಕ್ ಎಂಜಿನ್ನಿಗೆ ಬೇರೆ ಆಯಿಲ್ ಸಂಪ್ ಇಲ್ಲ, ಪೆಟ್ರೋಲಿನಲ್ಲಿ ಕಲಸಿದ ಆಯಿಲ್ಲೇ ಅದಕ್ಕೆ ಗತಿ. 50:1 ಅಂತ ಬರೆದಿದ್ದರೆ ಲೀಟರಿಗೆ 20 ಎಂಎಲ್, 25:1 ಅಂದರೆ 40. ನಮ್ಮಲ್ಲಿ ಅಳತೆ ಅಂದರೆ "ಒಂದು ಮುಚ್ಚಳ". ಯಾವ ಬಾಟಲಿಯ ಮುಚ್ಚಳ ಅಂತ ಕೇಳಬಾರದು! ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತೆ, ಜಾಸ್ತಿಯಾದರೆ ಪ್ಲಗ್ ಮಸಿ ಕಟ್ಟುತ್ತೆ. ಹೋಂಡಾ ಜಿಎಕ್ಸ್35ನಂಥ ಫೋರ್ ಸ್ಟ್ರೋಕ್ ಎಂಜಿನ್ ಆದರೆ ಕಲಸೋ ಹಾಗೇ ಇಲ್ಲ, ಆಯಿಲ್ ಬೇರೆ, ಪೆಟ್ರೋಲ್ ಬೇರೆ. ಮಳೆಗಾಲಕ್ಕೆ ಮುಂಚೆ ಟ್ಯಾಂಕಿನಲ್ಲಿ ಬಿಟ್ಟಿದ್ದ ಪೆಟ್ರೋಲನ್ನು ಚೆಲ್ಲೋಕೆ ಮನಸ್ಸು ಬರಲ್ಲ, ಆದರೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಮಿಷನ್ ಎತ್ತಿಡುವ ಮುಂಚೆಯೇ ಟ್ಯಾಂಕ್ ಖಾಲಿ ಮಾಡಿಟ್ಟರೆ ಆ ಸಂಕಟವೇ ಇಲ್ಲ.

ಬಿಸಿ ಎಂಜಿನ್ನಿಗೆ ಪೆಟ್ರೋಲ್ ಹಾಕೋದಂತೂ ನಮ್ಮೂರಿನ ರಾಷ್ಟ್ರೀಯ ಕ್ರೀಡೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹುಲ್ಲಿನ ಮಧ್ಯೆ ಕೆಳಗೇ ಕೂತಿರುತ್ತೆ, ಬಿಸಿ ಸೈಲೆನ್ಸರ್ ಪಕ್ಕದಲ್ಲೇ. ಐದ್ಹತ್ತು ನಿಮಿಷ ಆರೋಕೆ ಬಿಡಿ. ತುಂಬಿಸಿದ ಜಾಗದಿಂದ ಮೂರು ಮೀಟರ್ ಆಚೆ ಹೋಗಿ ಸ್ಟಾರ್ಟ್ ಮಾಡಿ. ಕುಡಿಯೋ ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಒಯ್ಯೋದು ಬಿಟ್ಟರೆ ಇನ್ನೂ ಒಳ್ಳೇದು, ಮಕ್ಕಳಿರೋ ಮನೆ.

ಆಮೇಲೆ ಬ್ಲೇಡಿನ ನಟ್. ಅದು ಬಿಗಿಯಾಗಿದೆಯಾ ನೋಡಿ ಅಂತ ಎಲ್ಲರೂ ಹೇಳ್ತಾರೆ. ಆದರೆ ಬಹುತೇಕ ಮಿಷನ್ನುಗಳಲ್ಲಿ ಅದು ಎಡ ಮರೆ, ಅಂದರೆ ಲೆಫ್ಟ್ ಹ್ಯಾಂಡ್ ಥ್ರೆಡ್. ನಾವು ಬಲಕ್ಕೆ ತಿರುಗಿಸಿ ಬಿಗಿ ಮಾಡ್ತೀವಿ ಅಂದುಕೊಂಡು ಸಡಿಲ ಮಾಡ್ತೀವಿ. ಬ್ಲೇಡ್ ತಿರುಗುವ ದಿಕ್ಕಿನಿಂದಲೇ ನಟ್ ಬಿಗಿಯಾಗುತ್ತಾ ಹೋಗಲಿ ಅಂತ ಹಾಗೆ ಮಾಡಿರೋದು. ಇದನ್ನು ನನಗೆ ಹೇಳಿಕೊಟ್ಟಿದ್ದು ಮಷೀನ್ ಡಿಸೈನ್ ಪುಸ್ತಕ ಅಲ್ಲ, ತೋಟಕ್ಕೆ ಬರುವ ಅದೇ ಅಣ್ಣ. ಚೋಕ್ ವಿಷಯದಲ್ಲೂ ಅವರೇ ಗುರು. ತಣ್ಣಗಿರುವ ಎಂಜಿನ್ನಿಗೆ ಚೋಕ್ ಹಾಕಿ ಎಳೆಯಬೇಕು, ಒಮ್ಮೆ "ಟಪ್" ಅಂದ ತಕ್ಷಣ ಚೋಕ್ ತೆಗೆಯಬೇಕು. ನಾನು ತೆಗೆಯದೆ ಇಪ್ಪತ್ತು ಸಲ ಎಳೆದು ಪ್ಲಗ್ಗನ್ನು ಪೆಟ್ರೋಲಿನಲ್ಲಿ ಮುಳುಗಿಸಿದ್ದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ ಅಂತಲೂ ಬೈದರು.

ಹಾಗಂತ "ಹತ್ತು ವರ್ಷದಿಂದ ಹೊಡೀತಿದ್ದೀವಿ, ಏನೂ ಆಗಿಲ್ಲ" ಅನ್ನೋ ಮಾತನ್ನು ನಾನು ಒಪ್ಪಲ್ಲ. ಅದೇ ಅಣ್ಣ ಹುಲ್ಲು ಸಿಕ್ಕಿಕೊಳ್ಳುತ್ತೆ ಅಂತ ಗಾರ್ಡ್ ಬಿಚ್ಚಿಟ್ಟಿದ್ದರು. ಕನ್ನಡಕ ಹಾಕಲ್ಲ. ಹದಿನೈದು ಮೀಟರ್ ಒಳಗೆ ಬೇರೆ ಯಾರೂ ನಿಲ್ಲಬಾರದು ಅಂತ ಮಿಷನ್ ಮೇಲೆಯೇ ಚಿತ್ರ ಇದೆ, ಅದರ ಮೇಲೆ ಮಣ್ಣು ಮೆತ್ತಿದೆ. ಆದರೆ ಅವರನ್ನು ದೂರೋದು ಸುಲಭ. ಮಿಷನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು, ಅದು ನಮ್ಮನೆ ಬೀರುವಿನಲ್ಲಿ ವಾರಂಟಿ ಕಾರ್ಡಿನ ಜೊತೆ ಭದ್ರವಾಗಿತ್ತು. ದಿನಾ ಮಿಷನ್ ಹೆಗಲಿಗೆ ಹಾಕಿಕೊಳ್ಳುವವರಿಗೆ ಅದನ್ನು ಯಾರೂ ತೋರಿಸಿಯೇ ಇಲ್ಲ. ಓದಬಲ್ಲ ನಾನೂ ಪೈಪ್ ತುಂಡಾದ ಮೇಲೆಯೇ ತೆರೆದಿದ್ದು. ಐಡ್ಲಿಂಗ್‌ನಲ್ಲಿ ಬ್ಲೇಡ್ ತಿರುಗಿದರೆ ಬಳಸಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ.

ನಮ್ಮ ಲ್ಯಾಬಿನಲ್ಲಿ ಎಂಜಿನ್ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂತಿರುತ್ತೆ. ಸ್ಟಾರ್ಟ್ ಮಾಡೋದು ಅಟೆಂಡರ್, ನಾವು ಮಾನೋಮೀಟರ್ ರೀಡಿಂಗ್ ಬರೆದುಕೊಂಡು, ಗ್ರಾಫ್ ಸರಿ ಬರದಿದ್ದರೆ ಸೀನಿಯರ್ ರೆಕಾರ್ಡ್ ನೋಡಿ "ಸರಿ" ಮಾಡಿಕೊಂಡು ಹೊರಗೆ ಬರ್ತೀವಿ. ಒಂದು ಹಳೇ ಹುಲ್ಲು ಹೊಡೆಯೋ ಮಿಷನ್ ವರ್ಕ್‌ಶಾಪಿನಲ್ಲಿ ಇಟ್ಟರೆ ಏನು ನಷ್ಟ? ಪೆಟ್ರೋಲ್ ಅಳೆದು ಕಲಸು, ನಟ್ ನೋಡು, ಸ್ಟಾಪ್ ಸ್ವಿಚ್ ಎಲ್ಲಿದೆ ತೋರಿಸು, ಸಮತಟ್ಟಾದ ಜಾಗದಲ್ಲಿ ಬ್ಲೇಡ್ ಏನಕ್ಕೂ ತಾಗದ ಹಾಗೆ ಮಲಗಿಸಿ ಸ್ಟಾರ್ಟ್ ಮಾಡು, ಐಡ್ಲಿಂಗ್‌ನಲ್ಲಿ ಬ್ಲೇಡ್ ನಿಂತಿದೆಯಾ ನೋಡು, ಆಫ್ ಮಾಡು. ಇಷ್ಟಕ್ಕೆ ಹತ್ತು ಮಾರ್ಕ್ಸ್ ಕೊಡಲಿ. ವೈವಾದಲ್ಲಿ ಆ ಐಡ್ಲಿಂಗ್ ಸ್ಕ್ರೂ ಬಗ್ಗೆ ಕೇಳಲಿ.

ಡಿಪಾರ್ಟ್‌ಮೆಂಟಿನವರು ಒಪ್ಪೋವರೆಗೂ ಕಾಯಬೇಕಿಲ್ಲ. ಕ್ಲಬ್ಬಿನಲ್ಲಿ ನಾಲ್ಕು ಜನ ಸೇರಿದರೆ ಆ ಪುಸ್ತಕದ ಸ್ಟಾರ್ಟಿಂಗ್ ಭಾಗವನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಬಹುದು, ಚಿತ್ರ ಬರೆಯೋರು ಬೇಕು. ಸಂಕ್ರಾಂತಿಗೆ ಊರಿಗೆ ಹೋಗುವಾಗ ಒಯ್ದು, ಮಿಷನ್ ಇಡುವ ಕೊಟ್ಟಿಗೆಯ ಬಾಗಿಲಿಗೆ ಅಂಟಿಸೋಣ. ಮೊದಲ ಕರಡು ನನ್ನ ಹತ್ರ ಇದೆ. ನಟ್ಟಿನ ಸಾಲನ್ನು ಆ ಅಣ್ಣನೇ ಹೇಳಿ ಬರೆಸಿದ್ದು.