ಸೋಲಿಗರ ಅರಣ್ಯ ಹಕ್ಕುಗಳ ಪೂರ್ಣ ಜಾರಿಗಾಗಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ಮಟ್ಟದ ಅರಣ್ಯ ಹಕ್ಕುಗಳ ಸಮಿತಿ,
ಚಾಮರಾಜನಗರ

ವಿಷಯ: ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಸೋಲಿಗರ ಅರಣ್ಯ ಹಕ್ಕುಗಳ ಕುರಿತು.

ಮಾನ್ಯರೇ,

ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಅದರ ಬೆನ್ನಿಗೇ ಸೋಲಿಗರಾದ ನಮ್ಮ ಹಿರಿಯರನ್ನು ಒಳಕಾಡಿನ ಪೋಡುಗಳಿಂದ, ಅಂದರೆ ನಮ್ಮ ಹಾಡಿಗಳಿಂದ, ಎಬ್ಬಿಸಲಾಯಿತು. ಬೇಟೆ, ಕುಮರಿ ಬೇಸಾಯ ಎರಡೂ ನಿಂತವು. 2006ರಲ್ಲಿ ಜೇನು, ನೆಲ್ಲಿ, ಪಾಚಿ ಸಂಗ್ರಹಕ್ಕೂ ನಿಷೇಧ ಬಂತು. ಅರಣ್ಯ ಹಕ್ಕು ಕಾಯ್ದೆಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ದೊರೆತದ್ದು ದೇಶದಲ್ಲೇ ಮೊದಲು. ಆದರೆ ಹಕ್ಕುಪತ್ರ ಪೆಟ್ಟಿಗೆಯಲ್ಲಿದೆ, ಕಾಡಿನ ತೀರ್ಮಾನ ಇನ್ನೂ ಬೇರೆಯವರ ಕೈಯಲ್ಲಿದೆ.

ನೆಲ್ಲಿಕಾಯಿ ಕೀಳಲು ಹೋದ ಸೋಲಿಗ ಮರಕ್ಕೆ ಹತ್ತಿದ ಬದನಿಕೆ ಎಂಬ ಪರಾವಲಂಬಿ ಗಿಡದ ಕೊಂಬೆಯನ್ನೂ ಕಡಿದು ಬರುತ್ತಿದ್ದ. ಕೀಳುವುದು ನಿಂತ ಮೇಲೆ ಬದನಿಕೆ ಹಬ್ಬಿ ಮರಗಳು ಸೊರಗಿದವು. ಬೇಸಿಗೆಯ ಆರಂಭದಲ್ಲಿ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಕಳೆ ಆಳೆತ್ತರಕ್ಕೆ ಕವಿದು ಹುಲ್ಲನ್ನೇ ನುಂಗಿದೆ. ಇದನ್ನು ನಾವಷ್ಟೇ ಅಲ್ಲ, ಸಂಶೋಧಕರೂ ಬರೆದಿದ್ದಾರೆ. ಇಷ್ಟು ಬಲ್ಲವರನ್ನು ಚೆಕ್‌ಪೋಸ್ಟ್‌ನಲ್ಲಿ ಕಳ್ಳರಂತೆ ನಿಲ್ಲಿಸಿ ಚೀಲ ತಡಕುವುದು ಯಾವ ನ್ಯಾಯ? ಕಾಡುಜನಕ್ಕೆ ಏನು ಗೊತ್ತು ಎಂಬ ತಾತ್ಸಾರವೇ ಇದರ ಮೂಲ.

ಹನೂರು ಭಾಗದ ನೋವು ಬೇರೆ ಬಗೆಯದು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯುವ ಪೊಲೀಸ್ ಕಾರ್ಯಾಚರಣೆಯ ಕಾಲದ ಚಿತ್ರಹಿಂಸೆಯ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ವಿಚಾರಣೆ ಮಾಡಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಪರಿಹಾರ ಕೊಡಲು ಸೂಚಿಸಿತು. ಆ ಭಯ ಹೋಗಿಲ್ಲ. ಖಾಕಿ ಕಂಡರೆ ಒಳಸರಿಯುವ ಹಿರಿಯರು ಹಕ್ಕಿನ ಅರ್ಜಿ ತಿರಸ್ಕೃತವಾದರೆ ಕಚೇರಿಗೆ ಬಂದು ಮೇಲ್ಮನವಿ ಹಾಕುವುದು ಹೇಗೆ?

ಆದ್ದರಿಂದ ತಿರಸ್ಕೃತವಾದ ಪ್ರತಿ ಅರ್ಜಿಯನ್ನೂ ಮರುಪರಿಶೀಲಿಸಿ, ಕಾರಣವನ್ನು ಕನ್ನಡದಲ್ಲಿ ಬರೆದು ಅರ್ಜಿದಾರರ ಕೈಗೆ ಕೊಡಿಸಬೇಕು. ನಿಯಮಗಳ ಪ್ರಕಾರ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ. ಇಂಥದೇ ದಾಖಲೆ ತನ್ನಿ ಎಂದು ಯಾರೂ ಪಟ್ಟು ಹಿಡಿಯುವಂತಿಲ್ಲ. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಕೂಡದೆಂದು ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಂ ಹೇಳುತ್ತದೆ. 2013ರಲ್ಲಿ ವನ್ಯಜೀವಿಧಾಮವಾದ ಮಲೆ ಮಹದೇಶ್ವರ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವಾಗಿಸುವ ಪ್ರಸ್ತಾವದಲ್ಲಿ ಗ್ರಾಮಸಭೆಗಳ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಬಾರದು. ಹಕ್ಕುಪತ್ರ ಪಡೆದ ಗ್ರಾಮಸಭೆಗಳು ರೂಪಿಸುವ ನಿರ್ವಹಣಾ ಯೋಜನೆಗೆ ಮನ್ನಣೆಯೂ ಹಣವೂ ಸಿಗಬೇಕು. ಲಂಟಾನ ತೆಗೆಯುವ ಕೆಲಸ ಆ ಯೋಜನೆಯಿಂದಲೇ ಶುರುವಾಗಲಿ.

ಪರಿಶಿಷ್ಟರ ಅರಣ್ಯ ಹಕ್ಕಿಗೆ ಅಡ್ಡಿಪಡಿಸುವುದು 2015ರ ತಿದ್ದುಪಡಿಯ ನಂತರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಇದನ್ನು ಪ್ರತಿ ಚೆಕ್‌ಪೋಸ್ಟ್‌ನ ಸಿಬ್ಬಂದಿಗೂ ಲಿಖಿತವಾಗಿ ತಿಳಿಸಬೇಕು.

ಸಮಿತಿಯ ಮುಂದಿನ ಸಭೆಯನ್ನು ಜಿಲ್ಲಾ ಕೇಂದ್ರದಲ್ಲಿ ನಡೆಸದೆ ಬೆಟ್ಟದ ಒಂದು ಪೋಡಿನಲ್ಲಿ ಕರೆಯಿರಿ, ಕಡತಗಳನ್ನು ಅಲ್ಲಿಗೇ ತನ್ನಿ ಎಂದು ಕೋರುತ್ತೇವೆ.

ಇಂತಿ,
ಯಳಂದೂರು, ಕೊಳ್ಳೇಗಾಲ, ಹನೂರು ತಾಲ್ಲೂಕುಗಳ ಪೋಡುಗಳ ನಿವಾಸಿಗಳು